ಚುಕ್ಕಿ ಕಂಡರೂ ನಂಬದ ಹಾರಾಟ: ಒಂದು ಪ್ರಕರಣ ಅಧ್ಯಯನ

ವಿಮಾನದಲ್ಲಿ ಮಿಂಚು ಪತ್ತೆ ಮಾಡಿ ಪರದೆಯ ಮೇಲೆ ಚುಕ್ಕಿಯಾಗಿ ತೋರಿಸುವ ಉಪಕರಣ ಇತ್ತು. ಆ ಹೊತ್ತಿನಲ್ಲಿ ಅದು ಸರಿಯಾಗಿಯೇ ತೋರಿಸುತ್ತಿತ್ತು. ಆದರೂ ಪೈಲಟ್ ಗುಡುಗುಮೋಡದೊಳಗೆ ಹೋಗಿಬಿಟ್ಟರು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ಹಾಗಾಗಿ ಎಲ್ಲರೂ ಕೂತು, ಏನಾಯಿತು, ಯಾಕಾಯಿತು ಅಂತ ಬಿಡಿಸಿ ನೋಡಲು ಆಯಿತು. ಇಂಥ ಪ್ರಕರಣಗಳಲ್ಲಿ ಎಷ್ಟೋ ಸಲ ಹೇಳಲು ಯಾರೂ ಉಳಿದಿರುವುದಿಲ್ಲ.

ಘಟನೆ ನಡೆದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, ಒಂದು ಮೇ ತಿಂಗಳಲ್ಲಿ. ಪೈಲಟ್ ಮತ್ತು ಅವರ ಜೊತೆಗಿದ್ದವರು ಕನ್ನಡದವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ವಿಮಾನದ ನೋಂದಣಿ ಎಲ್ಲ ಬಿಟ್ಟಿದ್ದೇನೆ. ನಾನು ಅದೇ ಏರ್‌ಪೋರ್ಟಿನಲ್ಲಿ ಇನ್‌ಸ್ಟ್ರುಮೆಂಟ್ ಹಾರಾಟ ಕಲಿಸುತ್ತೇನೆ. ಘಟನೆ ಆದ ಮೇಲೆ ವಿಮಾನದ ಪಾಲುದಾರರು ನನ್ನನ್ನು ಕರೆದರು.

ವಿಮಾನ ಮತ್ತು ಉಪಕರಣ

ವಿಮಾನ ಸೆಸ್ನಾ 182. ನಾಲ್ಕು ಸೀಟು, ಒಂದೇ ಎಂಜಿನ್. ಮೂವರು ಪಾಲು ಹಾಕಿ ಕೊಂಡದ್ದು. ಮೂವರೂ ಐಟಿ ಕೆಲಸದವರು, ಮೂವರಿಗೂ ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಇದೆ. ಈ ಪ್ರಕರಣದ ಪೈಲಟ್ ಅಜಾಗರೂಕ ಮನುಷ್ಯ ಅಲ್ಲವೇ ಅಲ್ಲ. ಹವಾಮಾನ ಸರಿಯಿಲ್ಲ ಅಂತ ಟ್ರಿಪ್ ರದ್ದು ಮಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಇದನ್ನು ಮೊದಲೇ ಹೇಳಬೇಕು. ಇಲ್ಲದಿದ್ದರೆ ಓದುವವರು ‘ನಾನು ಹಾಗೆ ಮಾಡುತ್ತಿರಲಿಲ್ಲ’ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ.

ದೊಡ್ಡ ವಿಮಾನಗಳ ಮೂಗಿನಲ್ಲಿ ಹವಾಮಾನ ರೇಡಾರ್ ಇರುತ್ತದೆ. ಒಂದು ಎಂಜಿನ್ನಿನ ವಿಮಾನದ ಮೂಗಿನಲ್ಲಿ ಎಂಜಿನ್ನು ಮತ್ತು ಪ್ರೊಪೆಲ್ಲರ್ ಕೂತಿರುತ್ತವೆ, ರೇಡಾರಿಗೆ ಜಾಗ ಎಲ್ಲಿ? ರೆಕ್ಕೆಗೆ ಕೊಳವೆ ಕಟ್ಟಿ ಅದರಲ್ಲಿ ರೇಡಾರ್ ಇಟ್ಟ ಕೆಲವು ಸಣ್ಣ ವಿಮಾನಗಳಿವೆ, ಆದರೆ ಖರ್ಚು ಜಾಸ್ತಿ. ಈ ಕೊರತೆ ತುಂಬಲು 1970ರ ದಶಕದಲ್ಲಿ ಪಾಲ್ ರಯಾನ್ ಎಂಬ ಅಮೆರಿಕನ್ ಬೇರೆಯೇ ದಾರಿ ಹುಡುಕಿದರು. ಮಳೆಯನ್ನು ಹುಡುಕುವ ಬದಲು ಮಿಂಚನ್ನು ಹುಡುಕೋಣ ಅಂದರು. ಆ ಉಪಕರಣಕ್ಕೆ ಸ್ಟಾರ್ಮ್‌ಸ್ಕೋಪ್ ಅಂತ ಹೆಸರು. ಆಮೇಲೆ ಸ್ಟ್ರೈಕ್‌ಫೈಂಡರ್ ಎಂಬ ಇನ್ನೊಂದೂ ಬಂತು.

ಮೀಡಿಯಂ ವೇವ್ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿದವರಿಗೆ ಇದರ ತತ್ವ ಆಗಲೇ ಗೊತ್ತು. ದೂರದಲ್ಲಿ ಮಿಂಚಿದರೆ ರೇಡಿಯೋ ಚರ್ ಚರ್ ಅನ್ನುತ್ತಿತ್ತಲ್ಲ, ಅದೇ. ಪ್ರತಿ ಮಿಂಚೂ ಒಂದು ರೇಡಿಯೋ ಅಲೆ ಹೊರಡಿಸುತ್ತದೆ. ವಿಮಾನದ ಮೈಗೆ ಅಂಟಿಸಿದ ಚಪ್ಪಟೆ ಆಂಟೆನಾದೊಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಸುರುಳಿ ಇರುತ್ತವೆ. ಅಲೆ ಯಾವ ದಿಕ್ಕಿನಿಂದ ಬಂತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ದೂರ ಎಷ್ಟು ಅನ್ನುವುದನ್ನು ಮಾತ್ರ ಅಲೆಯ ಬಲ ಮತ್ತು ಆಕಾರ ನೋಡಿ ಅಂದಾಜು ಮಾಡಬೇಕು. ಹಾಗಾಗಿ ದಿಕ್ಕು ನಂಬಬಹುದು, ದೂರ ಅಷ್ಟು ನಂಬಬಾರದು. ಜೋರು ಮಿಂಚು ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಸಣ್ಣ ಮಿಂಚು ದೂರ ಕಾಣುತ್ತದೆ. ಒಂದೇ ಮೋಡದ ಚುಕ್ಕಿಗಳು ನಮ್ಮ ಕಡೆಗೆ ಗೆರೆ ಎಳೆದ ಹಾಗೆ ಹರಡಿಕೊಳ್ಳುವುದು ಇದೇ ಕಾರಣಕ್ಕೆ.

ಕರ್ನಾಟಕದಲ್ಲಿ ಎಷ್ಟೋ ಜನರ ಫೋನಿನಲ್ಲಿ ‘ಸಿಡಿಲು’ ಆ್ಯಪ್ ಇದೆ. ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ಯೂ ಇದೆ. ಅವೂ ಮಿಂಚಿನ ರೇಡಿಯೋ ಅಲೆಯನ್ನೇ ಹಿಡಿಯುವುದು. ಆದರೆ ಅಲ್ಲಿ ನೆಲದ ಮೇಲೆ ಬೇರೆ ಬೇರೆ ಊರಲ್ಲಿ ಸೆನ್ಸರ್ ಇರುತ್ತವೆ. ಒಂದೇ ಮಿಂಚು ಯಾವ ಊರಿಗೆ ಯಾವಾಗ ಮುಟ್ಟಿತು ಅನ್ನುವ ವ್ಯತ್ಯಾಸದಿಂದ ಜಾಗವನ್ನು ಲೆಕ್ಕ ಹಾಕುತ್ತಾರೆ. ವಿಮಾನದಲ್ಲಿ ಇರುವುದು ಒಂದೇ ಆಂಟೆನಾ. ಜಾಗ ಹೇಳುವುದರಲ್ಲಿ ಅದು ನೆಲದ ಜಾಲಕ್ಕೆ ಸಮ ಅಲ್ಲ. ಅದರ ಶಕ್ತಿ ಬೇರೆ ಕಡೆ ಇದೆ: ಮಿಂಚಿದ ತಕ್ಷಣ ಚುಕ್ಕಿ ಬೀಳುತ್ತದೆ. ನಡುವೆ ಯಾವ ಸರ್ವರ್ರೂ ಇಲ್ಲ, ಕಾಯುವಿಕೆಯೂ ಇಲ್ಲ.

ಈ ಸೆಸ್ನಾದಲ್ಲಿದ್ದದ್ದು ತನ್ನದೇ ಪರದೆ ಇಲ್ಲದ ಸ್ಟಾರ್ಮ್‌ಸ್ಕೋಪ್ ಮಾದರಿ. ಪೆಟ್ಟಿಗೆ ಹಿಂದೆಲ್ಲೋ ಇರುತ್ತದೆ, ಚುಕ್ಕಿ ಜಿಪಿಎಸ್ ಪರದೆಯ ಮೇಲೆ ಬೀಳುತ್ತದೆ. ಮೂರು ನಿಮಿಷ ದಾಟಿದ ಚುಕ್ಕಿ ತಾನಾಗಿ ಅಳಿಸಿಹೋಗುತ್ತದೆ. ದಿಕ್ಸೂಚಿಗೆ ಜೋಡಿಸಿರುವುದರಿಂದ ವಿಮಾನ ತಿರುಗಿದರೆ ಹಳೆಯ ಚುಕ್ಕಿಯೂ ಪರದೆಯ ಮೇಲೆ ಸರಿಯಾದ ಜಾಗಕ್ಕೆ ತಿರುಗುತ್ತದೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದಲ್ಲದೆ ಪೈಲಟ್ ತೊಡೆಯ ಮೇಲೆ ಟ್ಯಾಬ್ಲೆಟ್ ಇತ್ತು. ನೆಕ್ಸ್‌ರಾಡ್ ಅಂದರೆ ಅಮೆರಿಕದ ನೆಲದ ಮೇಲಿನ ಹವಾಮಾನ ರೇಡಾರ್ ಜಾಲ. ಅದರ ಚಿತ್ರ, ವಿಮಾನಗಳಿಗೆ ರೇಡಿಯೋದಲ್ಲಿ ಮಾಹಿತಿ ಕಳಿಸುವ ಎಡಿಎಸ್-ಬಿ ವ್ಯವಸ್ಥೆಯ ಮೂಲಕ ಉಚಿತವಾಗಿ ಟ್ಯಾಬ್ಲೆಟ್‌ಗೆ ಬರುತ್ತದೆ. ಹಸಿರು, ಹಳದಿ, ಕೆಂಪು ಬಣ್ಣದಲ್ಲಿ, ನೋಡಲು ಬಹಳ ಚೆಂದ.

ನಂಬಿಕೆ ಹೋದ ಬಗೆ

ಈ ಪ್ರಕರಣ ಶುರುವಾದದ್ದು ಹಾರಾಟದ ದಿನ ಅಲ್ಲ ಅಂತ ನನ್ನ ಅಭಿಪ್ರಾಯ. ಅದಕ್ಕೆ ಒಂದು ವರ್ಷ ಮುಂಚೆಯೇ ಶುರುವಾಗಿತ್ತು.

ಚಳಿಗಾಲದ ಒಂದು ಶುಭ್ರ ದಿನ, ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ, ಪರದೆಯ ಮೇಲೆ ಮೂಗಿನ ನೇರಕ್ಕೆ ಚುಕ್ಕಿ ಬಿದ್ದಿವೆ. ಪಾಲುದಾರರಲ್ಲಿ ಒಬ್ಬರು ಅದನ್ನು ನೋಡಿ ಮೂವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರು. ಇನ್ನೊಬ್ಬರು ‘ನನಗೂ ಬಂದಿತ್ತು, ಸಂಜೆ ಹೊತ್ತು ಜಾಸ್ತಿ’ ಅಂದರು. ಮುಂದಿನ ವಾರ್ಷಿಕ ತಪಾಸಣೆಯಲ್ಲಿ ನೋಡೋಣ ಅಂತ ಮಾತಾಯಿತು. ವಾರ್ಷಿಕ ತಪಾಸಣೆಯಲ್ಲಿ ಬೇರೆ ದೊಡ್ಡ ಖರ್ಚು ಬಂತು. ಇದು ಹಾಗೇ ಉಳಿಯಿತು. ಹಾರಾಟಕ್ಕೆ ಕಡ್ಡಾಯ ಉಪಕರಣ ಅಲ್ಲವಲ್ಲ, ವಿಮಾನ ನಿಲ್ಲಿಸಬೇಕಾಗಿರಲಿಲ್ಲ.

ಅಲ್ಲಿಂದ ಅದಕ್ಕೆ ‘ಸುಳ್ಳು ಹೇಳುತ್ತೆ’ ಅನ್ನುವ ಹೆಸರು ಬಂತು. ಯಾರೂ ಆಫ್ ಮಾಡಲಿಲ್ಲ. ಆನ್ ಇದ್ದೇ ಇರುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಮೂರನೇ ಪಾಲುದಾರರು ಒಮ್ಮೆ ‘ಸರಿ ಮಾಡಿಸೋಣ, ಇಲ್ಲ ತೆಗೆಸಿಬಿಡೋಣ’ ಅಂದಿದ್ದರಂತೆ. ಮಾತು ಅಲ್ಲಿಗೇ ನಿಂತಿತು. ಟ್ಯಾಬ್ಲೆಟ್ ಇದೆಯಲ್ಲ, ಇನ್ನೇನು ಬೇಕು ಅನ್ನುವ ಭಾವನೆ ಎಲ್ಲರಲ್ಲೂ ಇತ್ತು.

ಆ ದಿನ

ಪೈಲಟ್ ತಮ್ಮ ಹೆಂಡತಿಯ ತಮ್ಮನನ್ನು ಕೂರಿಸಿಕೊಂಡು ಲೂಸಿಯಾನಾ ಕಡೆಯಿಂದ ಪಶ್ಚಿಮಕ್ಕೆ, ಮನೆ ಕಡೆ ಹೊರಟಿದ್ದರು. ಟೆಕ್ಸಾಸ್‌ನಲ್ಲಿ ಮೇ ಅಂದರೆ ಗುಡುಗುಮಳೆಯ ಕಾಲ. ಮೆಕ್ಸಿಕೋ ಕೊಲ್ಲಿಯ ತೇವದ ಗಾಳಿಗೆ ಪಶ್ಚಿಮದ ಒಣಗಾಳಿ ಸಿಗುವ ಗೆರೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಎದ್ದು ನಿಲ್ಲುತ್ತವೆ.

ಹೊರಡುವ ಮೊದಲು ಅವರು ಹವಾಮಾನ ಚೆನ್ನಾಗಿಯೇ ನೋಡಿದ್ದರು. ಗುಡುಗುಮೋಡದ ಎಚ್ಚರಿಕೆ, ಅಂದರೆ ಕನ್ವೆಕ್ಟಿವ್ ಸಿಗ್ಮೆಟ್, ಪ್ರತಿ ಗಂಟೆಯ 55ನೇ ನಿಮಿಷಕ್ಕೆ ಹೊಸದು ಬರುತ್ತದೆ. ಅದನ್ನು ಕಾದು ಓದಿ, ಒಂದು ಗಂಟೆ ತಡ ಮಾಡಿ ಹೊರಟರು. ಮೋಡದ ಸಾಲು ದಾರಿಗೆ ಅಡ್ಡ ಇದೆ, ನಡುನಡುವೆ ಬಿರುಕು ಇದೆ, ತೀರಾ ಆಗದಿದ್ದರೆ ದಕ್ಷಿಣಕ್ಕೆ ಸುತ್ತಿ ಹೋಗುವುದು, ಅದಕ್ಕೂ ಆಗದಿದ್ದರೆ ಇಳಿಯುವುದು. ಯೋಜನೆ ಇಷ್ಟು. ಯೋಜನೆಯಲ್ಲಿ ತಪ್ಪು ಕಾಣುವುದಿಲ್ಲ. ಪೆಟ್ರೋಲೂ ಸಾಕಷ್ಟಿತ್ತು.

ನಿರ್ಧಾರದ ಮೊದಲ ತಿರುವು 8,000 ಅಡಿಯಲ್ಲಿ ಬಂತು. ಅಲ್ಲಿಯವರೆಗೆ ಹೊರಗೆ ಕಾಣುತ್ತಿತ್ತು. ಎದ್ದು ನಿಂತ ಮೋಡವನ್ನು ಕಣ್ಣಲ್ಲೇ ನೋಡಿ ಪಕ್ಕಕ್ಕೆ ಹೋಗಬಹುದಿತ್ತು. ಆಮೇಲೆ ತೆಳು ಮೋಡದ ಪದರ ಸುತ್ತಿಕೊಂಡಿತು. ಕಿಟಕಿ ತುಂಬ ಬರೀ ಬೂದು ಬಣ್ಣ. ಒಳಗೆ ಅಡಗಿದ ಗುಡುಗುಮೋಡ ಕಣ್ಣಿಗೆ ಕಾಣುವ ಸಾಧ್ಯತೆ ಹೋಯಿತು. ಮಿಂಚು ಪತ್ತೆ ಉಪಕರಣವಾಗಲಿ, ಟ್ಯಾಬ್ಲೆಟ್ ಆಗಲಿ, ಕಣ್ಣಿಗೆ ಬದಲಿ ಅಲ್ಲ. ಪದರ ಶುರುವಾದಾಗಲೇ ಮೇಲಕ್ಕೋ ಕೆಳಕ್ಕೋ ಎತ್ತರ ಬದಲಿಸಿ ಹೊರಗೆ ಕಾಣುವ ಜಾಗದಲ್ಲೇ ಇರಲು ಕೇಳಬಹುದಿತ್ತು. ಆಗ ವಾತಾವರಣ ಶಾಂತವಾಗಿತ್ತು, ಕೇಳಬೇಕು ಅಂತ ಅನ್ನಿಸಲಿಲ್ಲ.

ಟ್ಯಾಬ್ಲೆಟ್‌ನಲ್ಲಿ ಎದುರಿಗೆ ಎರಡು ಕೆಂಪು ಗುಡ್ಡೆ, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ನಡುವೆ ಸುಮಾರು 25 ಮೈಲಿ ಖಾಲಿ. ಚಿತ್ರದ ಮೂಲೆಯಲ್ಲಿ ‘4 ನಿಮಿಷ ಹಳೆಯದು’ ಅಂತ ಇತ್ತು. ಬಿರುಕು ಇಲ್ಲಿದೆ ಅಂದುಕೊಂಡರು.

ಸೆಂಟರ್ ಕಂಟ್ರೋಲರ್, ಅಂದರೆ ನೆಲದಿಂದ ವಿಮಾನಗಳ ಸಂಚಾರ ನಿಯಂತ್ರಿಸುವವರು, ಅವರೂ ಹೇಳಿದರು: ಮುಂದೆ 20 ಮೈಲಿಯಲ್ಲಿ ಎಡಕ್ಕೂ ಬಲಕ್ಕೂ ಮಧ್ಯಮದಿಂದ ಜೋರು ಮಳೆ ಇದೆ, ಬೇರೆಯವರು ದಕ್ಷಿಣಕ್ಕೆ ಸುತ್ತುತ್ತಿದ್ದಾರೆ, ನಿಮಗೆ ಏನು ಬೇಕು? ಇದು ಎರಡನೇ ತಿರುವು. ‘ಬೇರೆಯವರು ದಕ್ಷಿಣಕ್ಕೆ ಸುತ್ತುತ್ತಿದ್ದಾರೆ’ ಅನ್ನುವ ಮಾತಿನಲ್ಲಿ ಬೇಕಾದದ್ದೆಲ್ಲ ಇತ್ತು. ಪೈಲಟ್ ಎಡಕ್ಕೆ 20 ಡಿಗ್ರಿ ತಿರುಗಿ ಬಿರುಕಿನ ಮಧ್ಯಕ್ಕೆ ಹೋಗಲು ಅನುಮತಿ ಕೇಳಿದರು. ಸಿಕ್ಕಿತು.

ಮುಂದಿನದು ನಮಗೆ ಗೊತ್ತಾದದ್ದು ಬಾವಮೈದುನನ ಫೋನಿನಿಂದ. ಅವರು ಮೋಡದ ವಿಡಿಯೋ ತೆಗೆಯುತ್ತಿದ್ದರು. ಚೌಕಟ್ಟಿನಲ್ಲಿ ಜಿಪಿಎಸ್ ಪರದೆಯೂ ಬಂದಿದೆ, ಹೆಡ್‌ಸೆಟ್‌ನ ಮಾತೂ ದಾಖಲಾಗಿದೆ. ಪರದೆಯ ಮೇಲೆ ಮೂಗಿನ ಎದುರಿಗೆ, ಬಿರುಕು ಇರಬೇಕಾದ ಕಡೆ, ಕಡಲೆಪುರಿ ಚೆಲ್ಲಿದ ಹಾಗೆ ಚುಕ್ಕಿ.

‘ಭಾವ, ಇದೇನು ಚುಕ್ಕಿ?’

‘ಅದಾ? ಮಿಂಚು ತೋರ್ಸೋದು. ಅದು ಸ್ವಲ್ಪ ಸುಳ್ಳು ಹೇಳುತ್ತೆ, ಬಿಡು.’

ಆಮೇಲೆ ವಿಮಾನ ಎಡಕ್ಕೆ ತಿರುಗುತ್ತದೆ. ಪೈಲಟ್ ಕೈ ಪರದೆ ಕಡೆ ಬಂದು ‘ಕ್ಲಿಯರ್’ ಒತ್ತುತ್ತದೆ. ಪರದೆ ಖಾಲಿ. ಕೆಲವೇ ಸೆಕೆಂಡಿನಲ್ಲಿ ಮತ್ತೆ ಚುಕ್ಕಿ ಬೀಳತೊಡಗುತ್ತವೆ. ಈ ಸಲ ಮೂಗಿನ ನೇರಕ್ಕಲ್ಲ, ಸ್ವಲ್ಪ ಬಲಕ್ಕೆ.

ಈ ಪ್ರಕರಣದ ಜೀವಾಳ ಇದೇ ಕೆಲವು ಸೆಕೆಂಡು. ವಿಮಾನದ ಒಳಗಿನ ವಿದ್ಯುತ್ ಗದ್ದಲದಿಂದ ಬೀಳುವ ಚುಕ್ಕಿ ವಿಮಾನದ ಜೊತೆಗೇ ತಿರುಗುತ್ತದೆ. ಗದ್ದಲದ ಮೂಲ ವಿಮಾನದಲ್ಲೇ ಇದೆಯಲ್ಲ. ಮೂಗಿನ ನೇರಕ್ಕೆ ಬೀಳುತ್ತಿದ್ದರೆ, ತಿರುಗಿ ಕ್ಲಿಯರ್ ಮಾಡಿದ ಮೇಲೂ ಹೊಸ ಚುಕ್ಕಿ ಮೂಗಿನ ನೇರಕ್ಕೇ ಬೀಳಬೇಕು. ಕ್ಲಿಯರ್ ಮಾಡದಿದ್ದರೆ ಗೊತ್ತಾಗುತ್ತಿರಲಿಲ್ಲ: ದಿಕ್ಸೂಚಿಗೆ ಜೋಡಿಸಿರುವುದರಿಂದ ಹಳೆಯ ಚುಕ್ಕಿ, ಸುಳ್ಳಾದರೂ, ತಾನಾಗಿ ಬಲಕ್ಕೆ ಸರಿಯುತ್ತಿತ್ತು. ನಿಜವಾದ ಮಿಂಚು ಆಕಾಶದಲ್ಲಿ ತನ್ನ ಜಾಗದಲ್ಲೇ ಇರುತ್ತದೆ. ನಾವು ಎಡಕ್ಕೆ ತಿರುಗಿದರೆ ಅದು ನಮ್ಮ ಬಲಕ್ಕೆ ಹೋಗಬೇಕು. ವಿಡಿಯೋದಲ್ಲಿ ಆದದ್ದು ಎರಡನೆಯದು. ಗೊತ್ತಿಲ್ಲದೆಯೇ ಪೈಲಟ್ ಅತ್ಯಂತ ಸರಿಯಾದ ಪರೀಕ್ಷೆ ಮಾಡಿದರು, ಉತ್ತರವೂ ಸರಿಯಾಗಿ ಬಂತು. ಅದು ಪರೀಕ್ಷೆ ಅಂತ ಅವರಿಗೆ ಆಗ ಹೊಳೆಯಲಿಲ್ಲ. ಟ್ಯಾಬ್ಲೆಟ್ ನೋಡಿದರು. ಅಲ್ಲಿ ಬಿರುಕು ಖಾಲಿಯೇ ಇತ್ತು.

ಮೋಡದೊಳಗೆ

ಮೊದಲು ವಿಮಾನ ತಾನಾಗಿ ಏರತೊಡಗಿತು. ಎತ್ತರ ಹಿಡಿದುಕೊಳ್ಳಲು ಆಟೋಪೈಲಟ್ ಮೂಗು ಕೆಳಗೆ ಮಾಡಿತು, ವೇಗ ಏರಿತು. ಇಲ್ಲಿ ಪೈಲಟ್ ಮಾಡಿದ ಮೂರು ಕೆಲಸ ಅವರ ಪ್ರಾಣ ಉಳಿಸಿದವು ಅಂತ ನಾನು ನಂಬುತ್ತೇನೆ.

ತಕ್ಷಣ ಆಟೋಪೈಲಟ್ ಬಿಡಿಸಿದರು. ಪವರ್ ಕಡಿಮೆ ಮಾಡಿ ವೇಗವನ್ನು ಸುಮಾರು 100 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 185 ಕಿ.ಮೀ.ಗೆ ಇಳಿಸಿದರು. ಜೋರು ಹೊಡೆತಕ್ಕೂ ರೆಕ್ಕೆಗೆ ಮಿತಿ ಮೀರಿದ ಭಾರ ಬೀಳದ ವೇಗ ಅದು. ಮತ್ತು ಹಿಂದಕ್ಕೆ ತಿರುಗಲಿಲ್ಲ. ಭಯವಾದಾಗ ಯಾರಿಗಾದರೂ ಬಂದ ದಾರಿಯಲ್ಲೇ ವಾಪಸ್ ಹೋಗೋಣ ಅನ್ನಿಸುತ್ತದೆ. ಆದರೆ ಮೋಡದೊಳಗೆ ತಿರುಗಿದರೆ ರೆಕ್ಕೆಯ ಮೇಲೆ ಭಾರ ಹೆಚ್ಚುತ್ತದೆ, ವಿಮಾನ ಕೈತಪ್ಪುವ ಸಾಧ್ಯತೆಯೂ ಹೆಚ್ಚು. ನೇರ ಹೋಗುವುದೇ ಬೇಗ ಹೊರಬರುವ ದಾರಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಸಲಹೆಯೂ ಇದೇ.

‘ಎತ್ತರ ಹಿಡಿಯೋಕೆ ಆಗ್ತಿಲ್ಲ’ ಅಂತ ಸೆಂಟರ್‌ಗೆ ನೇರವಾಗಿ ಹೇಳಿದರು. ಕಂಟ್ರೋಲರ್ ಕೂಡಲೇ 7,000ದಿಂದ 10,000 ಅಡಿವರೆಗೆ ಎಲ್ಲಿ ಬೇಕಾದರೂ ಇರಿ ಅಂದರು. ಅಲ್ಲಿಂದ ಪೈಲಟ್ ಎತ್ತರದ ಬೆನ್ನು ಹತ್ತಲಿಲ್ಲ, ರೆಕ್ಕೆ ಸಮ ಇಟ್ಟುಕೊಳ್ಳುವುದಷ್ಟೇ ಕೆಲಸ. ವಿಮಾನ 1,500 ಅಡಿ ಮೇಲೆ ಹೋಯಿತು, ಆಮೇಲೆ ಅದಕ್ಕಿಂತ ಬೇಗ ಕೆಳಗೆ ಬಂತು. ರೆಕ್ಕೆ ಇನ್ನು ವಿಮಾನವನ್ನು ಎತ್ತಿ ಹಿಡಿಯಲಾರದು ಅನ್ನುವ ಸ್ಟಾಲ್ ಎಚ್ಚರಿಕೆಯ ಹಾರ್ನ್ ಮಧ್ಯೆ ಮಧ್ಯೆ ಕೂಗಿತು. ಆಲಿಕಲ್ಲು ಗಾಜಿಗೆ ಬಡಿಯುವ ಸದ್ದಿಗೆ ರೇಡಿಯೋ ಕೇಳಿಸಲಿಲ್ಲ. ಹಿಂದಿನ ಸೀಟಿನ ಮೇಲಿದ್ದ ಬ್ಯಾಗು ಹಾರಿ ಬಂದು ಬಾವಮೈದುನನ ಭುಜಕ್ಕೆ ಬಡಿಯಿತು.

ಕೆಲವು ನಿಮಿಷದಲ್ಲಿ ಆಚೆ ಕಡೆ ಹೊರಬಂದರು. ಹತ್ತಿರದ ಏರ್‌ಪೋರ್ಟಿನಲ್ಲಿ ಇಳಿದರು. ಬಾಡಿಗೆ ಕಾರು ಹಿಡಿದು ಮನೆಗೆ ಹೋದರು. ವಿಮಾನ ಅಲ್ಲೇ ಉಳಿಯಿತು. ತೀವ್ರ ಅಲುಗಾಟಕ್ಕೆ ಸಿಕ್ಕಿದ ವಿಮಾನಕ್ಕೆ ಮಾಡಬೇಕಾದ ವಿಶೇಷ ತಪಾಸಣೆ ಆಗುವವರೆಗೆ ಅದನ್ನು ಹಾರಿಸಲಿಲ್ಲ. ರೆಕ್ಕೆಯ ಮುಂಭಾಗದಲ್ಲಿ ಆಲಿಕಲ್ಲಿನ ಗುಳಿ, ಬಣ್ಣ ಎದ್ದಿತ್ತು. ಒಳಗಿನ ಚೌಕಟ್ಟಿಗೆ ಏನೂ ಆಗಿರಲಿಲ್ಲ.

ಪೈಲಟ್ ನಾಸಾದ ಎಎಸ್‌ಆರ್‌ಎಸ್ ಎಂಬ ಸುರಕ್ಷತಾ ವರದಿ ವ್ಯವಸ್ಥೆಗೆ ಬರೆದರು. 1976ರಿಂದ ನಡೆಯುತ್ತಿರುವ ವ್ಯವಸ್ಥೆ ಇದು. ತಾವೇ ಬರೆದು ಕಳಿಸಿದ ವರದಿಯಿಂದ ಹೆಸರು ಕುರುಹು ತೆಗೆದು, ಎಲ್ಲರೂ ಓದುವ ಹಾಗೆ ಇಡುತ್ತಾರೆ. ಇಂಥ ಒಂದು ವ್ಯವಸ್ಥೆ ಎಲ್ಲ ಅಪಾಯದ ಕೆಲಸಗಳಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಬಿಡಿಸಿ ನೋಡಿದಾಗ

ನಾವು ಮೊದಲು ಕೇಳಿಕೊಂಡದ್ದು: ಟ್ಯಾಬ್ಲೆಟ್ ಯಾಕೆ ಖಾಲಿ ತೋರಿಸಿತು?

ನೆಕ್ಸ್‌ರಾಡ್‌ನ ಹಳೆಯ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆ. ಆ ದಿನದ ಸ್ಕ್ಯಾನ್ ಇಳಿಸಿಕೊಂಡು ವಿಮಾನದ ಜಿಪಿಎಸ್ ದಾರಿಯನ್ನು ಅದರ ಮೇಲೆ ಇಟ್ಟೆವು. ಬಿರುಕಿನಲ್ಲಿ ಹೊಸ ಮೋಡ ಎದ್ದಿತ್ತು. ಮೊದಲು ಮೇಲಿನ ಹಂತದಲ್ಲಿ ಪ್ರತಿಫಲನ ಕಾಣಿಸಿಕೊಂಡಿದೆ, ಮುಂದಿನ ಸ್ಕ್ಯಾನ್‌ಗಳಲ್ಲಿ ಕೆಳಕ್ಕೆ ಹರಡಿದೆ. ಟ್ಯಾಬ್ಲೆಟ್ ತೋರಿಸಿದ್ದು ಅದಕ್ಕೂ ಮುಂಚಿನ ಆಕಾಶ.

ಮೂಲೆಯ ‘4 ನಿಮಿಷ’ ಸುಳ್ಳಲ್ಲ, ಆದರೆ ಅದು ಹೇಳುವುದು ಚಿತ್ರ ತಯಾರಾದ ಮೇಲಿನ ಸಮಯ. ಒಂದು ರೇಡಾರ್ ಆಕಾಶ ಪೂರ್ತಿ ಸುತ್ತಿ ನೋಡಲೇ ನಾಲ್ಕೈದು ನಿಮಿಷ ಬೇಕು. ಆಮೇಲೆ ಹಲವು ರೇಡಾರ್‌ಗಳ ಚಿತ್ರ ಹೊಲಿದು ಒಂದು ಮಾಡಬೇಕು, ಆಮೇಲೆ ಕಳಿಸಬೇಕು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು: ಕೆಲವೊಮ್ಮೆ ನಿಜವಾದ ಹವಾಮಾನ ಪರದೆ ಹೇಳುವ ವಯಸ್ಸಿಗಿಂತ 15ರಿಂದ 20 ನಿಮಿಷ ಹಳೆಯದಾಗಿರಬಹುದು. 140 ನಾಟ್ ವೇಗದ ಸೆಸ್ನಾ 15 ನಿಮಿಷದಲ್ಲಿ 35 ನಾಟಿಕಲ್ ಮೈಲಿ ಹೋಗಿಬಿಡುತ್ತದೆ. 25 ಮೈಲಿಯ ಬಿರುಕಿಗೆ ಈ ಲೆಕ್ಕ ಹಾಕಿ ನೋಡಿ.

ಮೋಡವಾದರೂ ಸುಮ್ನೆ ಕಾಯುತ್ತದೆಯೇ? 1946–47ರಲ್ಲಿ ಫ್ಲೋರಿಡಾ ಮತ್ತು ಒಹಾಯೋದಲ್ಲಿ ಥಂಡರ್‌ಸ್ಟಾರ್ಮ್ ಪ್ರಾಜೆಕ್ಟ್ ಅಂತ ಒಂದು ದೊಡ್ಡ ಅಧ್ಯಯನ ನಡೆಯಿತು. ಯುದ್ಧಕ್ಕೆ ಮಾಡಿದ ಪಿ-61 ವಿಮಾನಗಳನ್ನು ಬೇಕೆಂದೇ ಗುಡುಗುಮೋಡದೊಳಗೆ ಹಾರಿಸಿದರು. ಎದ್ದು ಬೆಳೆಯುವ ಹಂತ, ಬಲಿತ ಹಂತ, ಕುಸಿಯುವ ಹಂತ ಅಂತ ನಾವು ಇವತ್ತು ಕಲಿಸುವುದು ಅಲ್ಲಿಂದ ಬಂದದ್ದು. ಬೆಳೆಯುವ ಹಂತದಿಂದ ಬಲಿತ ಹಂತಕ್ಕೆ ಬರಲು ಒಂದು ಮೋಡಕ್ಕೆ ಕಾಲು ಗಂಟೆ ಸಾಕಾಗಬಹುದು. ಅಂದರೆ ಚಿತ್ರದ ವಿಳಂಬವೂ ಮೋಡದ ಬೆಳವಣಿಗೆಯೂ ಹೆಚ್ಚುಕಡಿಮೆ ಒಂದೇ ಅಳತೆಯವು.

ಕಂಟ್ರೋಲರ್ ಪರದೆಗೆ ಬರುವ ಮಳೆಯ ಚಿತ್ರಕ್ಕೂ ಮೂಲ ನೆಕ್ಸ್‌ರಾಡ್ಡೇ. ಅವರಿಗೂ ವಿಳಂಬ ಇದೆ. ಹಾಗಾಗಿ ಟ್ಯಾಬ್ಲೆಟ್ ಮತ್ತು ಕಂಟ್ರೋಲರ್ ಒಂದೇ ಮಾತು ಹೇಳಿದರೆ ಅದು ಎರಡು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಬೇರೆ ಸಾಕ್ಷಿ ಆ ವಿಮಾನದಲ್ಲಿ ಒಂದೇ ಇತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ.

ಮಿಂಚು ಏಕೆ ಅಷ್ಟು ಮುಖ್ಯ ಅನ್ನುವುದನ್ನೂ ಹೇಳಬೇಕು. ಮೋಡದೊಳಗೆ ಜೋರಾಗಿ ಮೇಲೇಳುವ ಗಾಳಿ ಇದ್ದರೆ, ಹೆಪ್ಪುಗಟ್ಟುವ ಎತ್ತರದ ಮೇಲೆ ಪುಟ್ಟ ಆಲಿಕಲ್ಲೂ ಹಿಮದ ಹರಳೂ ಒಂದಕ್ಕೊಂದು ತಾಗಿ ವಿದ್ಯುತ್ ಬೇರ್ಪಡುತ್ತದೆ. ಆ ಗಾಳಿ ಇಲ್ಲದೆ ಮಿಂಚಿಲ್ಲ. ನಮ್ಮನ್ನು ಮುರಿಯುವುದು ಮಳೆ ಅಲ್ಲ, ಆ ಗಾಳಿ. ರೇಡಾರ್ ತೋರಿಸುವುದು ನೀರನ್ನು, ಸ್ಟಾರ್ಮ್‌ಸ್ಕೋಪ್ ತೋರಿಸುವುದು ಗಾಳಿಯ ಕುರುಹನ್ನು. ಚುಕ್ಕಿ ಇಲ್ಲದ ಜೋರು ಮಳೆಯಲ್ಲಿ ಎಷ್ಟೋ ಸಲ ವಿಮಾನ ಅಲುಗಾಡದೆ ಹೋಗುತ್ತದೆ. ಚುಕ್ಕಿ ಇರುವ ಕಡೆ ಹಾಗೆ ಆಗುತ್ತದೆ ಅಂತ ಯಾರೂ ಭರವಸೆ ಕೊಡಲಾರರು.

ಇನ್ನು ಉಪಕರಣದ ‘ಸುಳ್ಳು’. ಹ್ಯಾಂಗರ್, ಟ್ಯೂಬ್‌ಲೈಟ್, ನೆಲದಡಿಯ ವಿದ್ಯುತ್ ತಂತಿ ಇವೆಲ್ಲ ಚುಕ್ಕಿ ಹುಟ್ಟಿಸುತ್ತವೆ. ಆದ್ದರಿಂದ ವಿಮಾನವನ್ನು ದೂರದ ಖಾಲಿ ಜಾಗಕ್ಕೆ ತಂದು ಎಂಜಿನ್ ಓಡಿಸಿದೆವು. ಆಕಾಶ ಶುಭ್ರ. ಪರದೆ ಕ್ಲಿಯರ್ ಮಾಡಿ, ಒಂದೊಂದೇ ಸ್ವಿಚ್ ಹಾಕುತ್ತ ಹೋದೆವು. ಆಲ್ಟರ್ನೇಟರ್, ಏನಿಲ್ಲ. ಎರಡು ರೇಡಿಯೋ, ಏನಿಲ್ಲ. ಟ್ರಾನ್ಸ್‌ಪಾಂಡರ್, ಏನಿಲ್ಲ. ರೆಕ್ಕೆ ತುದಿಯಲ್ಲಿ ಮಿನುಗುವ ಸ್ಟ್ರೋಬ್ ದೀಪ ಹಾಕಿದ ಕೂಡಲೇ ಮೂಗಿನ ನೇರಕ್ಕೆ ಚುಕ್ಕಿ. ಆಫ್ ಮಾಡಿ ಕ್ಲಿಯರ್ ಮಾಡಿದರೆ ಖಾಲಿ. ಮತ್ತೆ ಹಾಕಿದರೆ ಮತ್ತೆ ಚುಕ್ಕಿ. ‘ಸಂಜೆ ಹೊತ್ತು ಜಾಸ್ತಿ’ ಅಂತ ಪಾಲುದಾರರು ಬರೆದದ್ದು ಯಾಕೆ ಅಂತ ಆಗ ಗೊತ್ತಾಯಿತು. ಅವರು ಸ್ಟ್ರೋಬ್ ಹಾಕುತ್ತಿದ್ದದ್ದೇ ಹೊತ್ತು ಇಳಿದ ಮೇಲೆ.

ಮೆಕ್ಯಾನಿಕ್ ಸ್ಟ್ರೋಬ್‌ನ ವಿದ್ಯುತ್ ಪೆಟ್ಟಿಗೆ ತೆಗೆದರು. ಗ್ರೌಂಡ್ ತಂತಿಯ ತುದಿ ವಿಮಾನದ ಮೈಗೆ ಸೇರುವ ಕಡೆ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ, ಹೊಸ ತುದಿ ಹಾಕಿ ಬಿಗಿದರು. ಚುಕ್ಕಿ ನಿಂತವು. ಕೆಲಸ ಅರ್ಧ ದಿನದ್ದೂ ಅಲ್ಲ.

ಇನ್ನೊಂದು ವಿಷಯವನ್ನೂ ಆಗಲೇ ಖಚಿತ ಮಾಡಿಕೊಂಡೆವು. ಆಂಟೆನಾ ವಿಮಾನದ ಬೆನ್ನ ಮೇಲಿದೆಯೋ ಹೊಟ್ಟೆ ಕೆಳಗಿದೆಯೋ ಅನ್ನುವುದನ್ನು ಪೆಟ್ಟಿಗೆಗೆ ತಿಳಿಸಿರಬೇಕು. ತಪ್ಪಾಗಿ ತಿಳಿಸಿದರೆ ಎಡದ ಮಿಂಚು ಬಲಕ್ಕೆ ಕಾಣುತ್ತದೆ, ಬಲದ್ದು ಎಡಕ್ಕೆ. ಯೋಚಿಸಿದರೇ ಭಯವಾಗುತ್ತದೆ. ಇಲ್ಲಿ ಸರಿಯಾಗಿತ್ತು. ನೂರು ಮೈಲಿ ದೂರ ಗುಡುಗುಮೋಡ ಇದ್ದ ಒಂದು ದಿನ ಹಾರಿ, ಚುಕ್ಕಿಯ ದಿಕ್ಕನ್ನೂ ರೇಡಾರ್ ಚಿತ್ರದ ದಿಕ್ಕನ್ನೂ ಹೋಲಿಸಿ ನೋಡಿದೆವು. ಹೊಂದಿದವು. ಸೆಕೆಂಡ್‌ಹ್ಯಾಂಡ್ ವಿಮಾನ ಕೊಂಡವರು ಇದನ್ನೊಂದು ಖಂಡಿತ ಮಾಡಬೇಕು.

ಹಾಗಾದರೆ ಆ ಮಧ್ಯಾಹ್ನ? ವಿಡಿಯೋದಲ್ಲಿ ಸ್ಟ್ರೋಬ್ ಸ್ವಿಚ್ ಕಾಣುತ್ತದೆ. ಅದು ಆಫ್ ಇತ್ತು. ಮೋಡದೊಳಗೆ ಮಿನುಗುವ ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂತ ಪೈಲಟ್ ಮುಂಚೆಯೇ ಆಫ್ ಮಾಡಿದ್ದರು. ಅವತ್ತಿನ ಚುಕ್ಕಿಗಳಲ್ಲಿ ಗದ್ದಲದ್ದು ಒಂದೂ ಇರಲಿಲ್ಲ.

ಮುಂದೆ ಬದಲಾದದ್ದು

ಪಾಲುದಾರರು ಮೊದಲು ಹೇಳಿದ್ದು ‘ಇನ್ಮೇಲೆ ಸ್ಟಾರ್ಮ್‌ಸ್ಕೋಪನ್ನೇ ನಂಬೋಣ’ ಅಂತ. ನಾನು ಒಪ್ಪಲಿಲ್ಲ. ಚುಕ್ಕಿ ಇದ್ದರೆ ಹೋಗಬಾರದು ಅನ್ನುವುದು ಸರಿ. ಚುಕ್ಕಿ ಇಲ್ಲದಿದ್ದರೆ ಹೋಗಬಹುದು ಅನ್ನುವುದು ಸರಿಯಲ್ಲ. ಎದ್ದು ಬೆಳೆಯುತ್ತಿರುವ ಮೋಡ ಮೊದಲ ಮಿಂಚು ಹೊಡೆಯುವ ಮುಂಚೆಯೇ ವಿಮಾನವನ್ನು ಜಜ್ಜಬಲ್ಲದು. ದೂರದ ಅಂದಾಜು ತಪ್ಪುವುದರಿಂದ ಎರಡು ಗುಂಪು ಚುಕ್ಕಿಯ ಮಧ್ಯೆ ನುಸುಳಲು ಈ ಉಪಕರಣ ಬಳಸುವುದೂ ಅಪಾಯ. ಇಡೀ ಸಾಲನ್ನು ದೂರದಿಂದಲೇ ಸುತ್ತಿ ಹೋಗಲು, ಇಲ್ಲವೇ ಇಳಿಯಲು ಹೇಳುವ ಉಪಕರಣ ಇದು.

ಅನುಭವ ಇದ್ದರೆ ದಾಟಬಹುದು ಅನ್ನುವ ಮಾತೂ ಬಂತು. 1953ರ ನವೆಂಬರ್ 20ರಂದು ಶಬ್ದದ ಎರಡು ಪಟ್ಟು ವೇಗವನ್ನು ಮೊದಲು ದಾಟಿದ ಪೈಲಟ್ ಸ್ಕಾಟ್ ಕ್ರಾಸ್‌ಫೀಲ್ಡ್. ಎಕ್ಸ್-15 ರಾಕೆಟ್ ವಿಮಾನವನ್ನು ಮೊದಲು ಹಾರಿಸಿದವರೂ ಅವರೇ. 2006ರ ಏಪ್ರಿಲ್ 19ರಂದು ಜಾರ್ಜಿಯಾದ ಮೇಲೆ ತಮ್ಮ ಸೆಸ್ನಾ 210ರಲ್ಲಿ ಗುಡುಗುಮೋಡಕ್ಕೆ ಸಿಕ್ಕಿ ತೀರಿಕೊಂಡರು. ದಾರಿಯಲ್ಲಿ ಹೊಸ ಹವಾಮಾನ ಮಾಹಿತಿ ಪಡೆಯದೇ ಇದ್ದದ್ದು, ಕಂಟ್ರೋಲರ್ ಕಡೆಯಿಂದ ಬೇಕಾದ ನೆರವು ಸಿಗದೇ ಇದ್ದದ್ದು, ಎರಡೂ ಕಾರಣ ಅಂತ ಎನ್‌ಟಿಎಸ್‌ಬಿ ಹೇಳಿತು. ಅವರಿಗಿಂತ ಹೆಚ್ಚು ಅನುಭವ ನಮ್ಮಲ್ಲಿ ಯಾರಿಗಿದೆ?

ಕೊನೆಗೆ ಮೂವರೂ ಒಂದು ಹಾಳೆ ಬರೆದು ವಿಮಾನದ ಪುಸ್ತಕದಲ್ಲಿ ಇಟ್ಟರು. ಟೇಕಾಫ್ ಮುಂಚೆ ಎಂಜಿನ್ ಪರೀಕ್ಷಿಸುವ ರನ್‌ಅಪ್ ಮಾಡುವಾಗ ಸ್ಟ್ರೋಬ್ ಹಾಕಿ, ಕ್ಲಿಯರ್ ಒತ್ತಿ ನೋಡುವುದು. ಸುಳ್ಳು ಚುಕ್ಕಿ ಕಂಡರೆ ಅವತ್ತೇ ಬರೆದಿಡುವುದು, ಸರಿ ಮಾಡಿಸುವವರೆಗೆ ಗುಡುಗಿನ ಮುನ್ಸೂಚನೆ ಇರುವ ದಿನ ಮೋಡದೊಳಗೆ ಹೋಗದಿರುವುದು. ಹಾರಾಟದಲ್ಲಿ ಅನುಮಾನ ಬಂದರೆ 20–30 ಡಿಗ್ರಿ ತಿರುಗಿ, ಕ್ಲಿಯರ್ ಮಾಡಿ, ಹೊಸ ಚುಕ್ಕಿ ಎಲ್ಲಿ ಬೀಳುತ್ತದೆ ನೋಡುವುದು. ಪರದೆ ಎಷ್ಟು ಬೇಗ ಮತ್ತೆ ತುಂಬಿತು ಅನ್ನುವುದನ್ನೂ ಗಮನಿಸುವುದು, ಬೇಗ ತುಂಬಿದಷ್ಟೂ ಮೋಡ ಜೋರಾಗಿದೆ ಅಂತ ಅರ್ಥ. ಟ್ಯಾಬ್ಲೆಟ್ ಮತ್ತು ಚುಕ್ಕಿ ಬೇರೆ ಬೇರೆ ಹೇಳಿದರೆ, ಯಾವುದು ಕೆಟ್ಟ ಸುದ್ದಿ ಹೇಳುತ್ತದೋ ಅದನ್ನೇ ನಂಬುವುದು. ಹಿಂದಿನ ಸೀಟಿನ ಸಾಮಾನು ಕಟ್ಟುವುದು, ಬಾವಮೈದುನನ ಒತ್ತಾಯದ ಮೇಲೆ ಸೇರಿಸಿದ್ದು.

ಒಂದು ಸಾಲಿನ ಮೇಲೆ ಮಾತ್ರ ಬಹಳ ವಾದ ನಡೆಯಿತು. ಜೋರು ಗುಡುಗುಮೋಡದಿಂದ ಕನಿಷ್ಠ 20 ಮೈಲಿ ದೂರ ಇರಿ ಅನ್ನುತ್ತದೆ ಎಫ್‌ಎಎ. ಎರಡು ಮೋಡದ ನಡುವೆ ಹೋಗಬೇಕಾದರೆ ಎರಡೂ ಕಡೆ 20, ಅಂದರೆ ಬಿರುಕು 40 ಮೈಲಿ ಇರಬೇಕು. ಅವತ್ತು ಇದ್ದದ್ದು 25. ಈ ಒಂದು ಲೆಕ್ಕ ಮಾಡಿದ್ದರೆ ಚುಕ್ಕಿಯ ಮಾತೇ ಬೇಕಾಗಿರಲಿಲ್ಲ.

‘ಹಾಗಾದ್ರೆ ಮೇ ತಿಂಗಳ ಮಧ್ಯಾಹ್ನ ಟೆಕ್ಸಾಸಲ್ಲಿ ಹಾರೋದೇ ಬೇಡ ಅಂತೀರಾ ಸರ್?’ ಅಂತ ಒಬ್ಬ ಪಾಲುದಾರರು ನನ್ನನ್ನು ಕೇಳಿದರು.

‘ಸಾಲು ಎದ್ದಿರೋ ದಿನ ಬೇಡ. ಬೆಳಿಗ್ಗೆ ಹೋಗಿ’ ಅಂದೆ.

ಪೈಲಟ್ ಪೆನ್ನು ತೆಗೆದುಕೊಂಡು ಹಾಳೆಯಲ್ಲಿ 40 ಅಂತ ಬರೆದು ಸಹಿ ಹಾಕಿದರು. ಉಳಿದ ಇಬ್ಬರೂ ಹಾಕಿದರು. ಆಮೇಲಿನ ಮೇ ತಿಂಗಳಲ್ಲಿ ಆ ವಿಮಾನ ಹೆಚ್ಚಾಗಿ ಬೆಳಿಗ್ಗೆ ಏಳಕ್ಕೇ ಹೊರಟು, ಮಧ್ಯಾಹ್ನದೊಳಗೆ ಹ್ಯಾಂಗರ್ ಸೇರಿದೆ.